ಪನಿಷರ್ ಕಾಮಿಕ್ಸ್ ಓದುವ ಕ್ರಮ: ಎಲ್ಲಿಂದ ಶುರು, ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು

ಪನಿಷರ್ ಹೆಸರಿನಲ್ಲಿ ಮಾರ್ವೆಲ್ ಕಂಪನಿ ‘ನಂಬರ್ 1’ ಅಂತ ಅಚ್ಚು ಹಾಕಿ ಹೊಸದಾಗಿ ಶುರು ಮಾಡಿದ ಸರಣಿಗಳು ಒಂದೆರಡಲ್ಲ. 1986, 1987, 1995, 1998, 2000, 2001, 2004, 2009, 2011, 2014, 2016, 2018, 2022, 2023 — ಇಷ್ಟೂ ವರ್ಷಗಳಲ್ಲಿ ಒಂದೊಂದು ‘ಮೊದಲ ಸಂಚಿಕೆ’ ಇದೆ. ಹೊಸದಾಗಿ ಓದುವವರು ಎಡವುವುದು ಇಲ್ಲೇ. ಕೈಗೆ ಸಿಕ್ಕಿದ ನಂಬರ್ 1 ತೆಗೆದುಕೊಳ್ಳುತ್ತಾರೆ, ಅದು ಯಾವುದೋ ಕಥೆಯ ನಡುಭಾಗವಾಗಿರುತ್ತದೆ, ಬೇಸರವಾಗಿ ಬಿಟ್ಟುಬಿಡುತ್ತಾರೆ. ಹಾಗಾಗಿ ಇಲ್ಲಿ ಕೊಡುವ ಕ್ರಮಕ್ಕೆ ಆಧಾರ ಸಂಚಿಕೆಯ ನಂಬರ್ ಅಲ್ಲ, ಬರೆದವರ ಹೆಸರು. ಪನಿಷರ್, ಅಂದರೆ ಫ್ರ್ಯಾಂಕ್ ಕ್ಯಾಸಲ್ ಎಂಬ ಮನುಷ್ಯ, ಐವತ್ತು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ: ಮಾಜಿ ಸೈನಿಕ, ಹೆಂಡತಿ ಮಕ್ಕಳನ್ನು ಗ್ಯಾಂಗ್‌ಸ್ಟರ್‌ಗಳ ಗುಂಡಿಗೆ ಕಳೆದುಕೊಂಡವನು, ಅಪರಾಧಿಗಳನ್ನು ಹುಡುಕಿ ಕೊಲ್ಲುವವನು. ಬದಲಾಗುತ್ತ ಬಂದಿದ್ದು ಅವನನ್ನು ಬರೆಯುವವರ ಕಣ್ಣು. ಪ್ರತಿ ಪುಸ್ತಕ ತೆರೆಯುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ: ಈ ಕಥೆ ಇವನ ಪರವಾಗಿದೆಯೋ, ಇವನನ್ನು ದೂರ ನಿಂತು ನೋಡುತ್ತಿದೆಯೋ? ಸರಣಿ ಬೆಳೆದ ಬಗೆ ಇದರಿಂದಲೇ ಗೊತ್ತಾಗುತ್ತ ಹೋಗುತ್ತದೆ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಕಾಮಿಕ್ಸ್ ಅಂದರೆ ಮಕ್ಕಳದ್ದು ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಕೆಳಗೆ ‘ಮ್ಯಾಕ್ಸ್’ ಎಂದು ಹೇಳುವ ಪುಸ್ತಕಗಳು ಖಂಡಿತ ಮಕ್ಕಳಿಗಲ್ಲ. ಅವುಗಳಲ್ಲಿ ಹಿಂಸೆ, ಲೈಂಗಿಕ ಶೋಷಣೆ, ಯುದ್ಧದ ಕ್ರೌರ್ಯ ಯಾವುದನ್ನೂ ಮುಚ್ಚಿಟ್ಟಿಲ್ಲ. ಕಪಾಟಿನ ಮೇಲಿನ ಅರೆಯಲ್ಲಿಡಿ.

ಕೊಳ್ಳುವ ಮೊದಲು ನೋಡಬೇಕಾದದ್ದು

ಬಿಡಿ ಸಂಚಿಕೆಗಳ ಹಿಂದೆ ಬೀಳಬೇಡಿ. ಐದಾರು ಸಂಚಿಕೆ ಒಟ್ಟಿಗೆ ಕಟ್ಟಿದ ಪೇಪರ್‌ಬ್ಯಾಕ್, ಅಥವಾ ಇನ್ನೂ ದಪ್ಪನೆಯ ‘ಕಂಪ್ಲೀಟ್ ಕಲೆಕ್ಷನ್’, ‘ಓಮ್ನಿಬಸ್’ ಸಿಗುತ್ತವೆ. ಮುಖಪುಟದ ಹೆಸರು ನಂಬಿ ಕೊಳ್ಳಬೇಡಿ. ಹಿಂಬದಿಯಲ್ಲಿ ಅಥವಾ ಒಳಗಿನ ಸಣ್ಣಕ್ಷರದ ಹಕ್ಕುಸ್ವಾಮ್ಯದ ಸಾಲುಗಳಲ್ಲಿ ‘ಕಲೆಕ್ಟಿಂಗ್’ ಎಂದು ಬರೆದು ಯಾವ ವರ್ಷದ ಸರಣಿಯ ಯಾವ ಸಂಚಿಕೆಗಳು ಎಂಬುದನ್ನು ಕೊಟ್ಟಿರುತ್ತಾರೆ. ಅದನ್ನೇ ಓದಿ. ‘ವಾರ್ ಝೋನ್’ ಹೆಸರಿನಲ್ಲೇ ಮೂರು ಬೇರೆ ಬೇರೆ ಸರಣಿಗಳಿವೆ: 1992ರದ್ದು, 2008ರ ಕೊನೆಯಲ್ಲಿ ಶುರುವಾದ ಆರು ಸಂಚಿಕೆಯದ್ದು, 2012ರ ಐದು ಸಂಚಿಕೆಯದ್ದು. ‘ವಾರ್ ಜರ್ನಲ್’ ಕೂಡ 1988ರಲ್ಲೊಮ್ಮೆ, 2006ರಲ್ಲೊಮ್ಮೆ ಶುರುವಾಗಿದೆ. ಆನ್‌ಲೈನಲ್ಲಿ ಆರ್ಡರ್ ಮಾಡುವಾಗ ವರ್ಷ ನೋಡದಿದ್ದರೆ ಬೇರೆಯದೇ ಪುಸ್ತಕ ಬಾಗಿಲಿಗೆ ಬರುತ್ತದೆ.

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಹುಡುಕುವವರು ಹಾಳೆಗಳನ್ನು ಒಮ್ಮೆ ತಿರುವಿ ನೋಡಬೇಕು. ಅಂಟಿನಿಂದ ಕಟ್ಟಿದ ಹಳೆಯ ಪೇಪರ್‌ಬ್ಯಾಕಿನ ನಡುಭಾಗದ ಹಾಳೆಗಳು ಬಿಟ್ಟುಕೊಳ್ಳುವುದು ಮಾಮೂಲು, ಒಂದು ಹಾಳೆ ಹೋದರೆ ಕಥೆಯ ಎರಡು ಪುಟ ಹೋದಂತೆ. ಮೊಬೈಲಿನಲ್ಲಿ ಓದುವವರಿಗೆ ಬೇರೆ ತೊಂದರೆ. ಒಂದೊಂದೇ ಚೌಕವನ್ನು ದೊಡ್ಡದು ಮಾಡಿ ತೋರಿಸುವ ವ್ಯವಸ್ಥೆಯಲ್ಲಿ ಪುಟದ ಒಟ್ಟು ಲಯ ಕೆಡುತ್ತದೆ. ಮುಂದೆ ಹೇಳುವ ಸ್ಟೀವ್ ಡಿಲನ್, ಗೊರಾನ್ ಪರ್ಲೊವ್ ಇಬ್ಬರೂ ಪುಟದ ಅಗಲಕ್ಕೆ ಚಾಚಿದ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸುವವರು. ಮಾತಿಲ್ಲದ ಎರಡು ಪಟ್ಟಿಗಳ ನಡುವೆ ಒಂದು ಮುಖ ಸ್ವಲ್ಪವೇ ಬಿಗಿಯಾಗುವುದು ಕಾಣಬೇಕಾದರೆ ಇಡೀ ಪುಟ ಒಟ್ಟಿಗೆ ಕಣ್ಣಮುಂದಿರಬೇಕು. ಹತ್ತು ಇಂಚಿನ ಟ್ಯಾಬ್ಲೆಟ್ ಆದರೆ ಸಾಕು.

ಮೊದಲ ಘಟ್ಟ: ಖಳನಾಗಿ ಬಂದವನು

‘ದಿ ಅಮೇಝಿಂಗ್ ಸ್ಪೈಡರ್-ಮ್ಯಾನ್’ 129ನೇ ಸಂಚಿಕೆಯಿಂದ ಶುರು ಮಾಡಿ. ಮುಖಪುಟದ ಮೇಲಿನ ತಿಂಗಳು ಫೆಬ್ರವರಿ 1974. ಆದರೆ ಆ ಕಾಲದ ಅಮೆರಿಕನ್ ಕಾಮಿಕ್ಸ್‌ಗಳಲ್ಲಿ ತಿಂಗಳನ್ನು ಮುಂದಕ್ಕೆ ಹಾಕುತ್ತಿದ್ದರು, ಅಂಗಡಿಗೆ ಬಂದದ್ದು 1973ರ ಕೊನೆಯಲ್ಲೇ. ಕಥೆ ಜೆರಿ ಕಾನ್ವೇ, ಚಿತ್ರ ರಾಸ್ ಆಂಡ್ರು. ವೇಷ ರೂಪಿಸಿದ್ದು ಜಾನ್ ರೊಮಿಟಾ. ಕಾನ್ವೇ ಕೊಟ್ಟ ಕರಡಿನಲ್ಲಿ ಎದೆಯ ಮೇಲೆ ಪುಟ್ಟದೊಂದು ತಲೆಬುರುಡೆ ಇತ್ತು. ರೊಮಿಟಾ ಅದನ್ನು ಇಡೀ ಎದೆಗೆ ಹಿಗ್ಗಿಸಿ, ಹಲ್ಲುಗಳನ್ನು ಸೊಂಟದ ಪಟ್ಟಿಯ ಗುಂಡಿನ ಚೀಲಗಳಾಗುವಂತೆ ಕೆಳಕ್ಕೆ ಎಳೆದರು. ಬಿಳಿ ಬುರುಡೆ, ಕಪ್ಪು ಬಟ್ಟೆ, ಬಿಳಿ ಕೈಗವಸು. ಅಗ್ಗದ ನ್ಯೂಸ್‌ಪ್ರಿಂಟಿನ ಮೇಲೆ ಎಷ್ಟೇ ಕೆಟ್ಟದಾಗಿ ಅಚ್ಚಾದರೂ ದೂರದಿಂದ ಗುರುತು ಸಿಗುವ ವಿನ್ಯಾಸ ಅದು. ಈ ಕಥೆಯಲ್ಲಿ ಅವನು ಜ್ಯಾಕಲ್ ಎಂಬ ಖಳನ ಮಾತು ನಂಬಿ, ಸ್ಪೈಡರ್-ಮ್ಯಾನ್ ಕೊಲೆಗಾರನೆಂದು ತಿಳಿದು ಬೆನ್ನಟ್ಟುತ್ತಾನೆ. ಅಂದರೆ ಅವನು ಕಥೆಗೆ ಕಾಲಿಟ್ಟ ಮೊದಲ ದಿನವೇ ತಪ್ಪು ಮನುಷ್ಯನ ಕಡೆ ಬಂದೂಕು ತಿರುಗಿಸಿದ್ದ. ಮುಂದಿನ ಎಲ್ಲ ಕಥೆಗಳನ್ನೂ ಓದುವಾಗ ಇದನ್ನು ನೆನಪಿಡಿ.

(ಮೂಲ ಪ್ರತಿ ಸಂಗ್ರಹಿಸುವ ಆಸೆ ಇದ್ದವರಿಗೆ: ಅದರ ಬೆಲೆ 20 ಸೆಂಟ್, ಮುಖಪುಟದಲ್ಲಿ ಬಾರ್‌ಕೋಡ್ ಇಲ್ಲ. ಮುಖಪುಟ ಹಾಗೆಯೇ ಇದ್ದು ಬಾರ್‌ಕೋಡ್ ಅಥವಾ ಇಂದಿನ ಡಾಲರ್ ಬೆಲೆ ಕಂಡರೆ ಅದು ಮರುಮುದ್ರಣ. ಓದುವುದಕ್ಕೆ ಮರುಮುದ್ರಣ ಧಾರಾಳವಾಗಿ ಸಾಕು.)

ಅವನ ಹೆಂಡತಿ ಮಕ್ಕಳು ಸೆಂಟ್ರಲ್ ಪಾರ್ಕಿನಲ್ಲಿ ಸತ್ತ ಕಥೆ ಬಂದದ್ದು 1975ರ ‘ಮಾರ್ವೆಲ್ ಪ್ರಿವ್ಯೂ’ 2ನೇ ಸಂಚಿಕೆಯಲ್ಲಿ. ಅದು ಕಪ್ಪುಬಿಳುಪಿನ, ದೊಡ್ಡ ಅಳತೆಯ ಮ್ಯಾಗಝೀನ್. ಯಾಕೆ ಮ್ಯಾಗಝೀನ್ ಅಂದರೆ, ಬಣ್ಣದ ಕಾಮಿಕ್ಸ್‌ಗಳ ಮೇಲೆ ‘ಕಾಮಿಕ್ಸ್ ಕೋಡ್’ ಎಂಬ ಸ್ವಯಂ ಸೆನ್ಸಾರ್ ಇತ್ತು, ಮ್ಯಾಗಝೀನಿಗೆ ಅದು ತಾಗುತ್ತಿರಲಿಲ್ಲ. ಈ ಕೋಡ್ ಗೊತ್ತಿಲ್ಲದೆ ಓದಿದರೆ ಎಪ್ಪತ್ತರ ದಶಕದ ಪನಿಷರ್ ಸಪ್ಪೆ ಅನ್ನಿಸುತ್ತಾನೆ. ಅವನ ಕೈ ಕಟ್ಟಿತ್ತು.

ಅಲ್ಲಿಂದ ನೇರ 1982ರ ‘ಡೇರ್‌ಡೆವಿಲ್’ 182ರಿಂದ 184ಕ್ಕೆ ಬನ್ನಿ. ಫ್ರ್ಯಾಂಕ್ ಮಿಲ್ಲರ್ ಕೈ. ಮಕ್ಕಳಿಗೆ ಡ್ರಗ್ಸ್ ಮಾರುವವರ ಈ ಕಥೆಯನ್ನು ಮೊದಲು 167ನೇ ಸಂಚಿಕೆಗೆಂದು ಸಿದ್ಧಪಡಿಸಿದ್ದರು. ಕೋಡಿನ ತಕರಾರಿನಿಂದ ತಡವಾಯಿತು. ಕೊಲ್ಲದ ವಕೀಲ ಡೇರ್‌ಡೆವಿಲ್ ಒಂದು ಕಡೆ, ಕೊಲ್ಲುವ ಸೈನಿಕ ಪನಿಷರ್ ಇನ್ನೊಂದು ಕಡೆ: ಆ ಜೋಡಿ ಇಂದಿಗೂ ಬಳಕೆಯಲ್ಲಿರುವುದು ಈ ಮೂರು ಸಂಚಿಕೆಗಳ ದೆಸೆಯಿಂದ.

ಎರಡನೇ ಘಟ್ಟ: ನಾಯಕನಾದವನು, ಸರಕಾದವನು

1986ರ ಕಿರುಸರಣಿಯನ್ನು ಬರೆದವರು ಸ್ಟೀವನ್ ಗ್ರಾಂಟ್, ಚಿತ್ರಿಸಿದವರು ಮೈಕ್ ಜೆಕ್. ಅವನು ಮೊದಲ ಬಾರಿಗೆ ತನ್ನದೇ ಪುಸ್ತಕದ ನಾಯಕನಾದದ್ದು ಇಲ್ಲಿ. ಜೈಲಿನಿಂದ ಕಥೆ ಶುರು. ಹಿಂದಿನ ಕೆಲವು ಕಥೆಗಳಲ್ಲಿ ಅವನು ಸಣ್ಣಪುಟ್ಟ ತಪ್ಪಿಗೂ ಗುಂಡು ಹಾರಿಸುವ ಹುಚ್ಚನಂತೆ ವರ್ತಿಸಿದ್ದನ್ನು, ಅವನಿಗೆ ಯಾರೋ ಔಷಧ ಕೊಟ್ಟಿದ್ದರು ಎಂದು ಹೇಳಿ ತೊಳೆದುಹಾಕುತ್ತಾರೆ. ನಾಯಕನನ್ನಾಗಿ ಮಾಡಲು ಬೇಕಾಗಿದ್ದ ಸ್ನಾನ ಅದು. ಕೊಳ್ಳುವವರು ಇಲ್ಲೊಂದು ಕಡೆ ಮೋಸಹೋಗುತ್ತಾರೆ: ಮೊದಲ ಸಂಚಿಕೆಗಳ ಮುಖಪುಟದಲ್ಲಿ ‘ನಾಲ್ಕು ಸಂಚಿಕೆಯ ಸರಣಿ’ ಎಂದಿದೆ, ಆದರೆ ಇರುವುದು ಐದು. ನಾಲ್ಕು ಕೊಂಡು ಮುಗಿಯಿತು ಅಂದುಕೊಂಡರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಐದನೆಯದರಲ್ಲಿ ಮಾತು ಬರೆದವರು ಜೋ ಡಫಿ, ಚಿತ್ರ ಮೈಕ್ ವೋಸ್‌ಬರ್ಗ್. ಕೈ ಬದಲಾದದ್ದು ಎದ್ದು ಕಾಣುತ್ತದೆ.

1987ರಿಂದ ತಿಂಗಳ ಸರಣಿ. ಮೈಕ್ ಬ್ಯಾರನ್ ಬರೆದ ಮೊದಲ ಹತ್ತು ಸಂಚಿಕೆ ಸಾಕು. ನಾಲ್ಕನೆಯದರಲ್ಲಿ ಮೈಕ್ರೋಚಿಪ್ ಎಂಬ ಕಂಪ್ಯೂಟರ್ ಬಲ್ಲ ಸಹಾಯಕ ಬರುತ್ತಾನೆ, ಅವನ ಗುರುತು ಮುಂದೆ ಬೇಕಾಗುತ್ತದೆ. ಹತ್ತನೆಯದನ್ನು ಓದುವಾಗ ಪಕ್ಕದಲ್ಲಿ ‘ಡೇರ್‌ಡೆವಿಲ್’ 257 ಇಟ್ಟುಕೊಳ್ಳಿ. ಎರಡೂ 1988ರವು, ಎರಡರಲ್ಲೂ ಒಂದೇ ಘಟನೆ: ಮಾತ್ರೆಗಳಿಗೆ ವಿಷ ಬೆರೆಸಿ ಜನರನ್ನು ಕೊಂದ, ತಲೆ ಕೆಟ್ಟ ಒಬ್ಬ ಕೆಲಸಗಾರನ ಹಿಂದೆ ಇಬ್ಬರೂ ಬಿದ್ದಿದ್ದಾರೆ. ಬ್ಯಾರನ್ ಪುಸ್ತಕದಲ್ಲಿ ಡೇರ್‌ಡೆವಿಲ್ ದಾರಿಗೆ ಅಡ್ಡ ಬಂದವನು. ಆ್ಯನ್ ನೊಸೆಂಟಿ ಬರೆದ ಪುಸ್ತಕದಲ್ಲಿ ಅದೇ ಹೊಡೆದಾಟಕ್ಕೆ ತೂಕವೇ ಬೇರೆ, ಅಲ್ಲಿ ಆ ಅಪರಾಧಿಯ ಮೇಲೆ ಕರುಣೆಯೂ ಇದೆ. ಒಂದೇ ಘಟನೆಯಲ್ಲಿ ಕಥೆ ಯಾರ ಪರ ಎಂಬುದು ಬರೆಯುವವರಿಂದ ಹೇಗೆ ತಿರುಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಈ ಇಡೀ ಸರಣಿಯಲ್ಲಿಲ್ಲ.

ಆಮೇಲೆ ಬಂದದ್ದು ಪ್ರವಾಹ. ಮೂಲ ಸರಣಿ 104 ಸಂಚಿಕೆ, ‘ವಾರ್ ಜರ್ನಲ್’ 80, ‘ವಾರ್ ಝೋನ್’ 41, ಬರೀ ಬಂದೂಕುಗಳ ವಿವರವಿರುವ ‘ಆರ್ಮರಿ’ ಹತ್ತು. ಎಲ್ಲವನ್ನೂ ಓದಲು ಹೋಗಿ ಸುಸ್ತಾಗಬೇಡಿ. ‘ವಾರ್ ಜರ್ನಲ್’ನಲ್ಲಿ ಕಾರ್ಲ್ ಪಾಟ್ಸ್ ಬರೆದು ಜಿಮ್ ಲೀ ಚಿತ್ರಿಸಿದ ಮೊದಮೊದಲ ಸಂಚಿಕೆಗಳು, ‘ವಾರ್ ಝೋನ್’ನಲ್ಲಿ ಚಕ್ ಡಿಕ್ಸನ್ ಮತ್ತು ಕಿರಿಯ ಜಾನ್ ರೊಮಿಟಾ ಮಾಡಿದ ಮೊದಲ ಆರು — ಇಷ್ಟಕ್ಕೆ ನಿಲ್ಲಿಸಿ. 1992ರ ಹೊತ್ತಿಗೆ ಮುಖದ ಶಸ್ತ್ರಚಿಕಿತ್ಸೆ ಮಾಡಿಸಿ ಕ್ಯಾಸಲ್‌ನನ್ನು ಕೆಲವು ಸಂಚಿಕೆಗಳ ಮಟ್ಟಿಗೆ ಕಪ್ಪುಜನಾಂಗದವನನ್ನಾಗಿ ತೋರಿಸಿದರು. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ ಅನ್ನುವುದಕ್ಕೆ ಅಷ್ಟು ಸಾಕು. 1995ರಲ್ಲಿ ಮೂರೂ ಸರಣಿ ನಿಂತವು. ಅನಂತರ ಅವನನ್ನು ಮಾಫಿಯಾ ಕುಟುಂಬದ ಒಡೆಯನನ್ನಾಗಿ ಮಾಡಿದ 18 ಸಂಚಿಕೆ ಬಂತು, 1998ರಲ್ಲಿ ಸ್ವರ್ಗದ ದೂತರು ಕೊಟ್ಟ ಆಯುಧ ಹಿಡಿಸಿದ ನಾಲ್ಕು ಸಂಚಿಕೆ ಬಂತು. ಎರಡನ್ನೂ ಬಿಡಿ.

ಮೂರನೇ ಘಟ್ಟ: ಗಾರ್ತ್ ಎನಿಸ್

ಸಮಯ ಕಡಿಮೆ ಇದ್ದವರು 129ನೇ ಸಂಚಿಕೆ ಓದಿ ನೇರ ಇಲ್ಲಿಗೆ ಬಂದರೂ ನಷ್ಟವಿಲ್ಲ. ಉತ್ತರ ಐರ್ಲೆಂಡಿನ ಎನಿಸ್ 2000ದಲ್ಲಿ ‘ವೆಲ್‌ಕಮ್ ಬ್ಯಾಕ್, ಫ್ರ್ಯಾಂಕ್’ ಬರೆದರು. 12 ಸಂಚಿಕೆ, ಚಿತ್ರ ಸ್ಟೀವ್ ಡಿಲನ್, ಮುಖಪುಟ ಟಿಮ್ ಬ್ರ್ಯಾಡ್‌ಸ್ಟ್ರೀಟ್. ದೇವದೂತರ ಕಥೆಯನ್ನು ಒಂದೆರಡು ಮಾತಿನಲ್ಲಿ ತಳ್ಳಿಹಾಕಿ ಮತ್ತೆ ನ್ಯೂಯಾರ್ಕಿನ ಬೀದಿಗೆ ಇಳಿಯುತ್ತದೆ. ಕಗ್ಗತ್ತಲ ಹಾಸ್ಯ ಇದರ ಗುಣ. ಮೃಗಾಲಯದ ಹಿಮಕರಡಿಗಳನ್ನು ಕ್ಯಾಸಲ್ ಆಯುಧವಾಗಿ ಬಳಸುವ ಭಾಗ ಓದಿದವರಿಗೆ ಮರೆಯುವುದಿಲ್ಲ. ಆದರೆ ನಿಧಾನವಾಗಿ ಓದಬೇಕಾದದ್ದು ಎರಡು ಜಾಗ. ಒಂದು, ಮೂರನೇ ಸಂಚಿಕೆಯ ಮಾಳಿಗೆ. ಡೇರ್‌ಡೆವಿಲ್‌ನನ್ನು ಸರಪಳಿಯಲ್ಲಿ ಬಿಗಿದು, ಕೈಗೆ ಪಿಸ್ತೂಲನ್ನು ಟೇಪಿನಿಂದ ಸುತ್ತಿ, ನನ್ನನ್ನು ಕೊಲ್ಲು, ಇಲ್ಲವೇ ನಾನು ಕೊಲ್ಲುವುದನ್ನು ನೋಡು ಎಂದು ಕ್ಯಾಸಲ್ ನಿಲ್ಲುತ್ತಾನೆ. ಡೇರ್‌ಡೆವಿಲ್ ಟ್ರಿಗರ್ ಎಳೆಯುತ್ತಾನೆ, ಪಿಸ್ತೂಲು ಸಿಡಿಯುವುದಿಲ್ಲ. 2016ರಲ್ಲಿ ಬಂದ ‘ಡೇರ್‌ಡೆವಿಲ್’ ಟೀವಿ ಸರಣಿಯ ಎರಡನೇ ಸೀಸನ್ನಿನಲ್ಲಿ ಜಾನ್ ಬರ್ನ್‌ಥಲ್ ಪನಿಷರ್ ಆಗಿ ಮಾಡಿದ ದೃಶ್ಯದ ಬೇರು ಇಲ್ಲಿದೆ. ಇನ್ನೊಂದು, ಕೊನೆ. ಪನಿಷರ್‌ನನ್ನು ಅನುಕರಿಸಿ ಬೀದಿಗಿಳಿದ ಮೂವರು, ಒಬ್ಬ ಪಾದ್ರಿ, ಒಬ್ಬ ಶ್ರೀಮಂತ, ಒಬ್ಬ ಕಂಪನಿ ಮಾಲೀಕರ ಮೇಲೆ ಹಗೆ ಸಾಧಿಸುವವನು, ಸೇರಿ ಅವನನ್ನು ತಮ್ಮ ಮುಂದಾಳಾಗು ಎನ್ನುತ್ತಾರೆ. ಅವನು ಮೂವರನ್ನೂ ಗುಂಡಿಕ್ಕುತ್ತಾನೆ. ತನ್ನಂಥವರು ಇನ್ನೊಬ್ಬರು ಇರಬಾರದು ಎಂದು ಅವನಿಗೇ ಗೊತ್ತು ಎಂಬುದು ಕಥೆಯೊಳಗೆ ಬಂದದ್ದು ಹೀಗೆ.

2001ರಲ್ಲಿ ಮಾರ್ವೆಲ್ ಕಾಮಿಕ್ಸ್ ಕೋಡನ್ನು ಕೈಬಿಟ್ಟು ದೊಡ್ಡವರಿಗಾಗಿ ‘ಮ್ಯಾಕ್ಸ್’ ಎಂಬ ಪ್ರಕಾಶನ ಶಾಖೆ ತೆರೆಯಿತು. 2004ರಲ್ಲಿ ಪನಿಷರ್ ಅಲ್ಲಿಗೆ ಹೋದ. ಸೂಪರ್‌ಹೀರೋಗಳು ಇಲ್ಲ, ಹಾಸ್ಯ ಹೆಚ್ಚುಕಮ್ಮಿ ಇಲ್ಲ. ಇಲ್ಲಿ ಕ್ಯಾಸಲ್ ವಿಯೆಟ್ನಾಂನಲ್ಲಿ ಹೋರಾಡಿ, ವಯಸ್ಸಾಗಿ, ಮುಖ ಬಂಡೆಯಂತಾದ ಮನುಷ್ಯ. ಮುಖ್ಯ ಮಾರ್ವೆಲ್ ಲೋಕದಲ್ಲಿ ಪಾತ್ರಗಳಿಗೆ ವಯಸ್ಸಾಗುವುದಿಲ್ಲವಾದ್ದರಿಂದ ಅಲ್ಲಿ ಅವನ ಯುದ್ಧವನ್ನು ಕೊನೆಗೆ ಸಿಯಾನ್‌ಕಾಂಗ್ ಎಂಬ ಕಲ್ಪಿತ ದೇಶಕ್ಕೆ ಸಾಗಿಸಿದರು. ಎರಡು ಲೋಕಗಳನ್ನು ಒಂದಕ್ಕೊಂದು ತಾಳೆ ಹಾಕಲು ಹೋಗಬೇಡಿ, ಆಗುವುದಿಲ್ಲ.

ಎನಿಸ್ ಬರೆದದ್ದು 1ರಿಂದ 60. ಇವು ಹತ್ತು ಕಥೆಗಳು. ಕೆಲವು ಒಂಟಿಯಾಗಿ ನಿಲ್ಲುತ್ತವೆ, ಕೆಲವು ಒಂದಕ್ಕೊಂದು ಹೆಣೆದಿವೆ. ಶುರುವಿಗೆ ಮೊದಲು 2003ರ ‘ಬಾರ್ನ್’ ಓದಲೇಬೇಕು. ನಾಲ್ಕೇ ಸಂಚಿಕೆ, ಚಿತ್ರ ಡ್ಯಾರಿಕ್ ರಾಬರ್ಟ್‌ಸನ್, ಕಾಲ 1971, ಜಾಗ ವಿಯೆಟ್ನಾಂನ ವ್ಯಾಲಿ ಫೋರ್ಜ್ ಎಂಬ ಪಾಳುಬಿದ್ದ ಸೇನಾ ಠಾಣೆ. ಕುಟುಂಬ ಸತ್ತದ್ದರಿಂದ ಅವನು ಪನಿಷರ್ ಆದನೇ, ಇಲ್ಲ ಅದಕ್ಕೂ ಮೊದಲೇ ಒಳಗೇನೋ ಒಪ್ಪಂದ ನಡೆದುಹೋಗಿತ್ತೇ ಎಂದು ಅದು ಕೇಳುತ್ತದೆ. ಅಲ್ಲಿ ಸ್ಟೀವಿ ಗುಡ್‌ವಿನ್ ಎಂಬ ಹುಡುಗ ಸೈನಿಕನಿದ್ದಾನೆ. ಹೆಸರು ನೆನಪಿಟ್ಟುಕೊಳ್ಳಿ.

1–6 ‘ಇನ್ ದ ಬಿಗಿನಿಂಗ್’. ಮೈಕ್ರೋಚಿಪ್ ಬೇರೆಯದೇ ರೂಪದಲ್ಲಿ ಮರಳುತ್ತಾನೆ, ಸಿಐಎ ಕ್ಯಾಸಲ್‌ಗೆ ಕೆಲಸ ಕೊಡಲು ಬರುತ್ತದೆ. ಮಾಫಿಯಾದ ನಿಕಿ ಕವೆಲ್ಲಾ, ಸಿಐಎಯ ಓಬ್ರಯನ್ ಇಬ್ಬರೂ ಇಲ್ಲೇ ಪರಿಚಯವಾಗುತ್ತಾರೆ, ಮುಂದೆ 19–24ರಲ್ಲಿ ಬರುತ್ತಾರೆ. ಹಾಗಾಗಿ ಇದನ್ನು ಹಾರಿಸಬಾರದು. 7–12 ‘ಕಿಚನ್ ಐರಿಷ್’ ಒಂಟಿ ಕಥೆ, ಅವಸರವಿದ್ದರೆ ಬಿಡಬಹುದು. 13–18 ‘ಮದರ್ ರಷ್ಯಾ’ ಬಿಡುವಂತಿಲ್ಲ: ರಷ್ಯಾದ ಕ್ಷಿಪಣಿ ನೆಲೆಯಿಂದ ಒಂದು ಪುಟ್ಟ ಹುಡುಗಿಯನ್ನು ತರಲು ಹೋದ ಆ ಕೆಲಸದ ಹಿಂದಿನ ಅಮೆರಿಕನ್ ಜನರಲ್‌ಗಳ ಕುತಂತ್ರಕ್ಕೆ ಕೊನೆ ಸಿಗುವುದು 55–60ರಲ್ಲಿ, ರಷ್ಯನ್ ಜನರಲ್‌ನ ಸೇಡು ಬರುವುದು 37–42 ‘ಮ್ಯಾನ್ ಆಫ್ ಸ್ಟೋನ್’ನಲ್ಲಿ. 31–36 ‘ಬಾರಾಕುಡಾ’ ಓದದೆ 50–54 ‘ಲಾಂಗ್ ಕೋಲ್ಡ್ ಡಾರ್ಕ್’ ಓದಿದರೆ ಬಾರಾಕುಡಾ ಎಂಬ ಖಳನ ಹಗೆಯ ತೂಕ ಗೊತ್ತಾಗುವುದಿಲ್ಲ. 43–49 ‘ವಿಡೋಮೇಕರ್’ ಬಹುಮಟ್ಟಿಗೆ ಸ್ವತಂತ್ರ.

25–30 ‘ದ ಸ್ಲೇವರ್ಸ್’ ಕೂಡ ಸ್ವತಂತ್ರ ಕಥೆಯೇ, ಆದರೆ ಒಂದೇ ಒಂದು ಪುಸ್ತಕ ಓದುತ್ತೇನೆ ಅನ್ನುವವರ ಕೈಗೆ ಕೊಡಬೇಕಾದದ್ದು ಇದು. ಪೂರ್ವ ಯುರೋಪಿನಿಂದ ಹೆಣ್ಣುಮಕ್ಕಳನ್ನು ಸಾಗಿಸಿ ಮಾರುವ ಗುಂಪು, ವಿಯೊರಿಕಾ ಎಂಬ ತಪ್ಪಿಸಿಕೊಂಡ ತಾಯಿ, ಜೆನ್ ಕುಕ್ ಎಂಬ ಸಮಾಜಸೇವಕಿ. ಚಿತ್ರ ಲಿಯಾಂಡ್ರೊ ಫರ್ನಾಂಡಿಸ್. ಕ್ಯಾಸಲ್‌ನ ಕ್ಯಾಪ್ಷನ್‌ಗಳನ್ನು ಗಮನಿಸಿ: ಚಿಕ್ಕ ವಾಕ್ಯ, ವಿಶೇಷಣವಿಲ್ಲ, ಪೊಲೀಸ್ ವರದಿಯ ಧಾಟಿ. ಸಿಟ್ಟು ಹೆಚ್ಚಾದಷ್ಟೂ ವಾಕ್ಯ ಚಿಕ್ಕದಾಗುತ್ತದೆ. ಅವನು ಮಾಡುವುದನ್ನು ಓದುಗನೂ ಬಯಸುವಂತೆ ಮಾಡಿ, ಎಲ್ಲ ಮುಗಿದ ಮೇಲೆ ಆ ಹೆಣ್ಣುಮಕ್ಕಳ ಬದುಕು ಅದರಿಂದ ಸರಿಹೋಗಲಿಲ್ಲ ಎಂದು ಎನಿಸ್ ತೋರಿಸುತ್ತಾರೆ. ಕಥೆ ಅವನ ಪರವೋ ಅಲ್ಲವೋ ಎಂಬ ಪ್ರಶ್ನೆಗೆ ಇಷ್ಟು ಪ್ರಾಮಾಣಿಕ ಉತ್ತರ ಕೊಟ್ಟ ಸೂಪರ್‌ಹೀರೋ ಕಂಪನಿಯ ಪುಸ್ತಕಗಳು ಕಡಿಮೆ.

55–60 ‘ವ್ಯಾಲಿ ಫೋರ್ಜ್, ವ್ಯಾಲಿ ಫೋರ್ಜ್’ನಲ್ಲಿ ಕಾಮಿಕ್ಸ್ ಪುಟಗಳ ನಡುವೆ ಗದ್ಯದ ಪುಟಗಳು ಬರುತ್ತವೆ. ಸ್ಟೀವಿಯ ಸೋದರ ಮೈಕಲ್ ಗುಡ್‌ವಿನ್ ಬರೆದಂತೆ ಕಲ್ಪಿಸಿದ ಪುಸ್ತಕದ ಅಧ್ಯಾಯಗಳವು. ಬಹಳ ಜನ ಇವನ್ನು ಹಾರಿಸಿ ಹೊಡೆದಾಟಕ್ಕೆ ಹೋಗುತ್ತಾರೆ. ಹಾಗೆ ಮಾಡಿದರೆ ಕಥೆಯ ಅರ್ಧ ಹೋಯಿತು. ಜನರಲ್‌ಗಳು ಕ್ಯಾಸಲ್ ಮೇಲೆ ಕಮಾಂಡೋಗಳನ್ನು ಬಿಡುತ್ತಾರೆ. ಅಮೆರಿಕನ್ ಸೈನಿಕರನ್ನು ಅವನು ಕೊಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತು. ಆ ಬಿಗಿ ಅರ್ಥವಾಗುವುದು ಗದ್ಯ ಓದಿದಾಗ.

60ಕ್ಕೆ ನಿಲ್ಲಿಸಿ. 61ರಿಂದ 75 ಬೇರೆಯವರ ಕೈ. ಸಂಚಿಕೆಯ ನಂಬರ್ ಹಾಗೆಯೇ ಮುಂದುವರಿದದ್ದರಿಂದ ದಪ್ಪ ಸಂಪುಟ ಕೊಂಡವರು ತಿಳಿಯದೆ ಓದುತ್ತ ಹೋಗಿ, ಏನೋ ಕೆಟ್ಟಿತಲ್ಲ ಅಂದುಕೊಳ್ಳುತ್ತಾರೆ. 2009ರ ಕೊನೆಯಲ್ಲಿ ಶುರುವಾದ ಜೇಸನ್ ಆ್ಯರನ್ ಮತ್ತು ಡಿಲನ್ ಅವರ 22 ಸಂಚಿಕೆ ಮಾತ್ರ ಪ್ರತ್ಯೇಕವಾಗಿ ಓದಲು ಯೋಗ್ಯ. ಅದರ ಶೀರ್ಷಿಕೆಯಲ್ಲಿ ಪನಿಷರ್ ಮತ್ತು ಮ್ಯಾಕ್ಸ್ ಒಂದೇ ಪದವಾಗಿ ಕೂಡಿಕೊಂಡಿವೆ. ಅದಕ್ಕೊಂದು ನಿಜವಾದ ಅಂತ್ಯವೂ ಇದೆ.

ಮುಖ್ಯ ಲೋಕದಲ್ಲಿ ಆಮೇಲೆ

2009ರಲ್ಲಿ ಕೊಂದು, ಹೊಲಿದು, ‘ಫ್ರ್ಯಾಂಕನ್‌ಕ್ಯಾಸಲ್’ ಎಂಬ ದೆವ್ವವಾಗಿಸಿದ ರಿಕ್ ರೆಮೆಂಡರ್ ಕಥೆ ಇಷ್ಟವಾಗುವವರಿಗೆ ಬಹಳ ಇಷ್ಟವಾಗುತ್ತದೆ, ಉಳಿದವರು ಬಿಡಬಹುದು. 2011ರ ಗ್ರೆಗ್ ರಕ್ಕಾ ಸರಣಿ, 16 ಸಂಚಿಕೆ, ಸೊಗಸಾದದ್ದು: ಕ್ಯಾಸಲ್ ಮಾತೇ ಕಡಿಮೆ ಮಾಡುತ್ತಾನೆ, ಮದುವೆಯ ದಿನವೇ ಗಂಡನನ್ನು ಕಳೆದುಕೊಂಡ ರೇಚಲ್ ಕೋಲ್-ಆಲ್ವಿಸ್ ಎಂಬ ಸೈನಿಕಳ ಕಣ್ಣಿನಿಂದ ಅವನನ್ನು ನೋಡುತ್ತೇವೆ.

ಈ ಹೊತ್ತಿಗೆ ಬುರುಡೆ ಪುಸ್ತಕದಿಂದ ಹೊರಬಿದ್ದಿತ್ತು. ಇರಾಕಿನಲ್ಲಿದ್ದ ಅಮೆರಿಕನ್ ಸೈನಿಕರ ಉಡುಪಿನ ಮೇಲೆ, ಪೊಲೀಸ್ ಕಾರುಗಳ ಮೇಲೆ, ಮುಂದೆ 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದವರಲ್ಲೂ ಅದು ಕಂಡಿತು. 2018ರಲ್ಲಿ ಶುರುವಾದ ಮ್ಯಾಥ್ಯೂ ರೋಸನ್‌ಬರ್ಗ್ ಸರಣಿಯ 13ನೇ ಸಂಚಿಕೆ, 2019ರದ್ದು, ಪೊಲೀಸ್ ಕಾರುಗಳ ಮೇಲಿನ ಬುರುಡೆಗೆ ಕೊಟ್ಟ ಉತ್ತರ. ಇಬ್ಬರು ಪೊಲೀಸರು ತಾವು ಅವನ ಅಭಿಮಾನಿಗಳೆಂದು ಕಾರಿನ ಬುರುಡೆ ಸ್ಟಿಕರ್ ತೋರಿಸುತ್ತಾರೆ. ಅವನು ಅದನ್ನು ಹರಿದು, ನಿಮಗೆ ಮಾದರಿ ಬೇಕಿದ್ದರೆ ಕ್ಯಾಪ್ಟನ್ ಅಮೆರಿಕಾ ಇದ್ದಾನೆ ಎನ್ನುತ್ತಾನೆ. ಈ ದೃಶ್ಯವನ್ನು ‘ವೆಲ್‌ಕಮ್ ಬ್ಯಾಕ್, ಫ್ರ್ಯಾಂಕ್’ನ ಕೊನೆಯ ಜೊತೆಗಿಟ್ಟು ಓದಿ. 2020ರಲ್ಲಿ ಕಾನ್ವೇ ಸ್ವತಃ ಬುರುಡೆಯನ್ನು ಮರಳಿ ಪಡೆಯಬೇಕೆಂದು, ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಗೆ ಹಣ ಕೂಡಿಸಲು ಹೊಸ ಕಲಾವಿದರಿಂದ ಚಿತ್ರ ಬರೆಸಿದರು. 2022ರಲ್ಲಿ ಆ್ಯರನ್ ಬರೆದ 12 ಸಂಚಿಕೆಯ ಸರಣಿಯಲ್ಲಿ ಬುರುಡೆಗೆ ಕೊಂಬು ಮೂಡಿ ಲಾಂಛನವೇ ಬದಲಾಯಿತು. ಕ್ಯಾಸಲ್ ‘ದ ಹ್ಯಾಂಡ್’ ಎಂಬ ಹಂತಕರ ಪಂಥದ ಮುಂದಾಳಾದ. 2023ರಲ್ಲಿ ಜೋ ಗ್ಯಾರಿಸನ್ ಎಂಬ ಬೇರೊಬ್ಬನೇ ಆ ಹೆಸರು ಹೊತ್ತ. ಆ್ಯರನ್ ಸರಣಿ ಓದುವುದಿದ್ದರೆ ಮ್ಯಾಕ್ಸ್‌ನ 60 ಸಂಚಿಕೆ ಮುಗಿಸಿದ ಮೇಲೇ ಓದಿ. ‘ಬಾರ್ನ್’ ಎತ್ತಿದ ಪ್ರಶ್ನೆಯನ್ನು ಅದು ಬಾಲ್ಯದವರೆಗೂ ಎಳೆಯುತ್ತದೆ.

ಎನಿಸ್ ಹಿಂದಿರುಗಿ ಬರೆದ ಕೆಲವು ಉಳಿದಿವೆ. ‘ಫ್ಯೂರಿ: ಮೈ ವಾರ್ ಗಾನ್ ಬೈ’, 2012–13, 13 ಸಂಚಿಕೆ, ಚಿತ್ರ ಪರ್ಲೊವ್: ಗೂಢಚಾರ ನಿಕ್ ಫ್ಯೂರಿಯ ಕಥೆ, ನಡುವೆ ಯುವಕ ಕ್ಯಾಸಲ್ ಬರುತ್ತಾನೆ. ‘ಸೋವಿಯತ್’, 2019–20, ಆರು ಸಂಚಿಕೆ, ಚಿತ್ರ ಜೇಸನ್ ಬರೋಸ್: ಯಾವಾಗ ಬೇಕಾದರೂ ಓದಬಹುದು. 2017ರ ‘ದ ಪ್ಲಟೂನ್’, ಆರು ಸಂಚಿಕೆ, ಕ್ಯಾಸಲ್‌ನ ಮೊದಲ ವಿಯೆಟ್ನಾಂ ಅವಧಿಯದ್ದು, ಅಂದರೆ ಕಾಲದ ಲೆಕ್ಕದಲ್ಲಿ ‘ಬಾರ್ನ್’ಗೂ ಹಿಂದಿನದು. ಆದರೂ ಮೊದಲು ಓದಬೇಡಿ. ಅದರಲ್ಲಿ ಕಥೆ ಹೇಳುವವರು ಅವನ ಕೈಕೆಳಗಿದ್ದು ಈಗ ಮುದುಕರಾದ ಸೈನಿಕರು. ಎದುರು ಕೂತು ಕೇಳಿ ಬರೆದುಕೊಳ್ಳುತ್ತಿರುವವನು ಮೈಕಲ್ ಗುಡ್‌ವಿನ್. ಅವನ್ಯಾರು, ಯಾಕೆ ಕೇಳುತ್ತಿದ್ದಾನೆ ಎಂದು ಗೊತ್ತಿರಬೇಕಾದರೆ 60ನೇ ಸಂಚಿಕೆ ಮುಗಿದಿರಬೇಕು.